ಹಳೆಯ ಸೈನಿಕ ಲಾರಿಯ ಮುಖ

ಹಳೆಯ ಕಾವ್ಯವೊಂದರ ಕೆಲವು ಓಲೆಗಳು ಕಾಣೆಯಾಗಿದ್ದರೆ, ಸಂಪಾದಕನಾದವನು ಆ ಜಾಗದಲ್ಲಿ ತನಗೆ ತೋಚಿದ ಪದ್ಯಗಳನ್ನು ಸೇರಿಸುವುದಿಲ್ಲ. ಅದೇ ಪರಂಪರೆಯ ಇನ್ನೊಂದು ಪ್ರತಿಯನ್ನು ಅರಸುತ್ತಾನೆ. ಈ ನಿಯಮ ಕಬ್ಬಿಣಕ್ಕೂ ಸಲ್ಲುತ್ತದೆಂದರೆ ತಾವು ನಗಬಹುದು. ಆದರೆ ಹಳೆಯ ಸೈನಿಕ ಲಾರಿಯ ಕ್ಯಾಬಿನ್ನನ್ನು ದುರಸ್ತಿ ಮಾಡಹೊರಟವನ ಮುಂದಿರುವುದು ಇದೇ ಪ್ರಶ್ನೆ.

ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಗೂ ಈ ಲಾರಿಗಳಿಗೂ ಏನು ಸಂಬಂಧ? ಈ ಸೀಮೆ ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಸೇನೆ ಆಳಂದಕ್ಕೆ ಬಹುದೂರವಲ್ಲದ ಸೊಲ್ಲಾಪುರ-ನಳದುರ್ಗದ ದಾರಿಯಿಂದಲೇ ಸಂಸ್ಥಾನವನ್ನು ಪ್ರವೇಶಿಸಿತು. ಮಹಾಯುದ್ಧ ಮುಗಿದು ಆಗಿನ್ನೂ ಮೂರೇ ವರ್ಷ. ನಮ್ಮ ಸೇನೆಯ ಸಾಗಾಣಿಕೆ ಬಹುಮಟ್ಟಿಗೆ ಯುದ್ಧಕಾಲದ ವಾಹನಗಳನ್ನೇ ನೆಚ್ಚಿಕೊಂಡಿತ್ತು. ಸೇನೆಗೆ ಬೇಡವಾದ ಗಾಡಿಗಳು ಹರಾಜಿನಲ್ಲಿ ಜನರ ಕೈಸೇರಿದಾಗ ಅವಕ್ಕೆ 'ಡಿಸ್ಪೋಸಲ್ ಲಾರಿ' ಎಂಬ ಹೆಸರಾಯಿತು.

ಆ ಯುದ್ಧಕಾಲದ ವಾಹನಗಳಲ್ಲಿ ಮುಖ್ಯವಾದುದು ಕೆನಡಾದಲ್ಲಿ ಫೋರ್ಡ್ ಮತ್ತು ಷೆವರ್ಲೆ ಕಾರ್ಖಾನೆಗಳು ಒಂದೇ ಸೈನಿಕ ಮಾದರಿಯಂತೆ ನಿರ್ಮಿಸಿದ ಲಾರಿ. ಮೊಂಡು ಮೂಗಿನ ಈ ಗಾಡಿಯ ಹೆಸರಿನಲ್ಲೇ ಅದರ ಕುಲಗೋತ್ರವಿದೆ. 'ಸಿ' ಎಂದರೆ ಷೆವರ್ಲೆ, 'ಎಫ್' ಎಂದರೆ ಫೋರ್ಡ್. ಮುಂದಿನ 15, 30, 60 ಎಂಬ ಅಂಕಿ ಹೊರೆಯನ್ನು ಹಂಡ್ರೆಡ್‌ವೇಟ್ ಲೆಕ್ಕದಲ್ಲಿ ಹೇಳುತ್ತದೆ. 60 ಎಂದರೆ ಮೂರು ಟನ್ನು.

ಆದರೆ ಕ್ಯಾಬಿನ್ನಿನ ಭಾಗವನ್ನು ಹುಡುಕುವವನಿಗೆ ಹೊರೆಯ ಅಂಕಿಗಿಂತ ಕ್ಯಾಬಿನ್ನಿನ ಅಂಕಿ ಮುಖ್ಯ. 11, 12, 13 ಎಂಬ ಮೂರು ಕ್ಯಾಬಿನ್‌ಗಳು ಒಂದಾದಮೇಲೊಂದು ಬಂದವು. ಮೊದಲಿನೆರಡರಲ್ಲಿ ಮುಂಗಾಜು ನೆಟ್ಟಗೆ ನಿಂತಿರುತ್ತದೆ. ಇವೆರಡಕ್ಕೂ ಇರುವ ವ್ಯತ್ಯಾಸವನ್ನು ಬಾನೆಟ್ಟಿನಲ್ಲೂ ಮುಂಭಾಗದ ಜಾಲರಿಯಲ್ಲೂ ನೋಡಬೇಕು. 13ನೆಯದರಲ್ಲಿ ಗಾಜಿನ ಮೇಲಂಚು ಮುಂದಕ್ಕೆ ಚಾಚಿ, ಕೆಳಗಂಚು ಚಾಲಕನ ಕಡೆಗೆ ಸರಿದಿರುತ್ತದೆ. ಬಿಸಿಲು ಗಾಜಿನ ಮೇಲೆ ಹೊಳೆದು ವಿಮಾನದ ಕಣ್ಣಿಗೆ ಬೀಳದಿರಲೆಂದು ಮಾಡಿದ ಏರ್ಪಾಡಿದು. ಮೂರು ಟನ್ನಿನ ಲಾರಿಗೆ ಹದಿನೈದು ಹಂಡ್ರೆಡ್‌ವೇಟಿನ ಗಾಡಿಯ ಬಾಗಿಲು ಸಲ್ಲಬಹುದು, ಕ್ಯಾಬಿನ್ನಿನ ಅಂಕಿ ಒಂದೇ ಆಗಿದ್ದರೆ. ಅಂಕಿ ಬೇರೆಯಾದರೆ, ಹೆಸರೂ ಹೊರೆಯೂ ಒಂದೇ ಆದರೂ ಸಲ್ಲದು. ಷೆವರ್ಲೆಯದು ಸಾಲು ಆರು ಸಿಲಿಂಡರಿನ ಎಂಜಿನ್, ಫೋರ್ಡಿನದು ಅಗಲವಾದ ವಿ-8. ಆದ್ದರಿಂದ ಎಂಜಿನ್ನಿನ ಸುತ್ತಲಿನ ಪತ್ರಾ ಕೊಳ್ಳುವಾಗ ತಯಾರಕರನ್ನೂ ವಿಚಾರಿಸಬೇಕು.

ಅನಂತರದ ಶಕ್ತಿಮಾನ್ ಲಾರಿ ಜರ್ಮನಿಯ ಮಾನ್ ಸಂಸ್ಥೆಯ ಪರವಾನಗಿಯಿಂದ 1959ರಿಂದ ಜಬಲಪುರದಲ್ಲಿ ತಯಾರಾಯಿತು. ಸೇನೆಯ ನೋಂದಣಿ ಫಲಕದಲ್ಲಿ ಮೇಲ್ಮುಖ ಬಾಣದ ಪಕ್ಕದ ಎರಡು ಅಂಕಿಗಳು ಸೇನೆಗೆ ಸೇರಿದ ವರ್ಷವನ್ನು ತಿಳಿಸುತ್ತವೆ. ಹಳೆಯ ಬಣ್ಣವನ್ನು ಉಜ್ಜುವ ಮೊದಲು ಈ ಗುರುತನ್ನು ಬರೆದುಕೊಳ್ಳಬೇಕು, ಉಜ್ಜಿದಮೇಲೆ ಸಾಕ್ಷ್ಯವಿಲ್ಲ.

ಆಳಂದದ ದಾರಿಯ ಗ್ಯಾರೇಜೊಂದರಲ್ಲಿ ನಾನು ಕಂಡ ಲಾರಿಗೆ ನೆಟ್ಟನೆಯ ಮುಂಗಾಜಿತ್ತು; ಬಾಗಿಲು ಮಾತ್ರ 13ರದು. ಬಾಗಿಲು ಕೂಡದಾಗ ಮಿಸ್ತ್ರಿ ಬಾಗಿಲನ್ನು ಬಿಟ್ಟು ಕಂಬವನ್ನೇ ಕತ್ತರಿಸಿ ಬೆಸುಗೆ ಹಾಕಿದ್ದ. ಅವನ ಕೈಚಳಕ ಮೆಚ್ಚತಕ್ಕದ್ದೇ. ಆದರೆ ಅಲ್ಲಿ ನಷ್ಟವಾದುದು ಒಂದಲ್ಲ, ಎರಡು. ಬಾಗಿಲು ತನ್ನ ಮನೆಯನ್ನು ಕಳೆದುಕೊಂಡಿತು. ಉಳಿದಿದ್ದ ಅಸಲು ಕಂಬವೂ ಹೋಯಿತು. ತಪ್ಪು ಬಾಗಿಲನ್ನು ನಾಳೆ ಬಿಚ್ಚಿ ತೆಗೆಯಬಹುದು. ಕತ್ತರಿಸಿದ ಕಂಬವನ್ನು ಎಲ್ಲಿಂದ ತರುವುದು? ಆ ಕಾರ್ಖಾನೆಗಳು ಈ ಲಾರಿಯನ್ನು ನಿಲ್ಲಿಸಿ ಎಂಬತ್ತು ವರ್ಷವಾಯಿತು. ಉಳಿದವು ಗುಜರಿಯಲ್ಲಿ ತೂಕಕ್ಕೆ ಬೀಳುತ್ತಿವೆ.

ಹಾಗಾದರೆ ಅಸಲು ಭಾಗ ಸಿಗದಿದ್ದಾಗ ಗತಿಯೇನು? ಹೊಸ ಪತ್ರಾದಲ್ಲಿ ಅಳತೆಯಂತೆ ಮಾಡಿಸುವುದರಲ್ಲಿ ದೋಷವಿಲ್ಲ. ಅದರ ಒಳಮೈಯಲ್ಲಿ ಮಾಡಿದ ವರ್ಷವನ್ನು ಕೊರೆಯಿಸಿದರೆ ಸಾಕು. ಸಂಪಾದಕನು ತನ್ನ ಊಹೆಯನ್ನು ಕಂಸದೊಳಗಿಡುವುದು ಇದಕ್ಕಾಗಿಯೇ ಅಲ್ಲವೇ? ಯಾವುದು ಹಿಂದಿನವರದು, ಯಾವುದು ನಮ್ಮದು ಎಂಬುದು ಮುಂದೆ ಓದುವವನಿಗೆ ತಿಳಿಯಬೇಕು.