ಕಾಡಿನ ಆರ್ಕಿಡ್ ಮತ್ತು ನಮ್ಮ ಮನೆಯ ಸಾಲಬ್ ಮಿಸ್ರಿ

(ಠಾಣಾ ಕುಶನೂರಿನಲ್ಲಿ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಆರ್ಕಿಡ್ ಎಂಬ ಹೂವಿನ ಬಗ್ಗೆ ಮಾತನಾಡಲು ನಿಂತಿದ್ದೇನೆ. ತೊಗರಿ, ಸೋಯಾ ಬೆಳೆಯುವ ನಮ್ಮ ಊರಿಗೂ ಮಲೆನಾಡಿನ ಹೂವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ನಮ್ಮ ಮನೆಯೊಳಗೇ ಇದೆ. ನಾನು ಚಿಕ್ಕವನಿದ್ದಾಗ ಚಳಿಗಾಲದಲ್ಲಿ ದಾದಿ ಒಂದು ತಗಡಿನ ಡಬ್ಬಿ ತೆಗೆದು, ಅದರಲ್ಲಿನ ಗಟ್ಟಿ ಬಿಳಿ ಗೆಡ್ಡೆಯನ್ನು ಕುಟ್ಟಿ ಪುಡಿ ಮಾಡಿ, ಹಾಲಿನಲ್ಲಿ ಕುದಿಸಿ ಕೊಡುತ್ತಿದ್ದರು. ಅದೇ ಸಾಲಬ್ ಮಿಸ್ರಿ. ಅದು ಆರ್ಕಿಡ್ ಗಿಡದ ಗೆಡ್ಡೆ ಎಂಬುದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ.

ಈ ಗಿಡದ ಬದುಕು ಹೇಗಿದೆ ನೋಡಿ. ಆರ್ಕಿಡ್‌ನ ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜಗಳಿರಬಹುದು. ಆದರೆ ಬೀಜ ಧೂಳಿನಷ್ಟು ಸಣ್ಣದು. ತೊಗರಿ ಬೇಳೆಯಲ್ಲಿ ಮೊಳಕೆಗೆ ಬೇಕಾದ ಆಹಾರ ತುಂಬಿರುತ್ತದೆ. ಆರ್ಕಿಡ್ ಬೀಜದಲ್ಲಿ ಅದು ಇರುವುದಿಲ್ಲವೆಂದೇ ಹೇಳಬೇಕು. ಮಣ್ಣಿನಲ್ಲಿ ಅಥವಾ ಮರದ ತೊಗಟೆಯಲ್ಲಿ ಇರುವ ಒಂದು ಬಗೆಯ ಶಿಲೀಂಧ್ರ ಅದರೊಳಗೆ ಸೇರಿ ಆಹಾರ ಒದಗಿಸಿದರೆ ಮಾತ್ರ ಅದು ಮೊಳೆಯುತ್ತದೆ. ಇದನ್ನು 1899ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ನೋಯೆಲ್ ಬರ್ನಾರ್. ಆದ್ದರಿಂದ ಲಕ್ಷ ಬೀಜಗಳಲ್ಲಿ ಬೆಳೆದು ಹೂ ಬಿಡುವವು ಬೆರಳೆಣಿಕೆಯಷ್ಟು. ಅದಕ್ಕೂ ಹಲವು ವರ್ಷ ಬೇಕು.

ಹೂ ಬಿಟ್ಟ ಮೇಲೆ ಕೀಟ ಬೇಕು. ವೆನಿಲ್ಲಾ ಕೂಡ ಒಂದು ಆರ್ಕಿಡ್. ಅದನ್ನು ಮೆಕ್ಸಿಕೋದಿಂದ ಬೇರೆ ದೇಶಗಳಿಗೆ ಒಯ್ದಾಗ ಬಳ್ಳಿ ಬೆಳೆಯಿತು, ಕಾಯಿ ಕಟ್ಟಲಿಲ್ಲ. ಪರಾಗಸ್ಪರ್ಶ ಮಾಡುವ ಕೀಟ ಅಲ್ಲಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಒಂದು ಕಡ್ಡಿ ಮತ್ತು ತನ್ನ ಹೆಬ್ಬೆರಳಿನಿಂದ ಆ ಕೆಲಸ ಮಾಡುವ ಸುಲಭ ದಾರಿ ತೋರಿಸಿದ. ಕೊಡಗು, ಉತ್ತರ ಕನ್ನಡದ ತೋಟಗಳಲ್ಲಿ ವೆನಿಲ್ಲಾ ಬೆಳೆದವರು ಮಾಡಿದ್ದೂ ಅದನ್ನೇ. ವಿದ್ಯಾರ್ಥಿಗಳೆ, ಶಾಲೆಯ ಮುಖ ನೋಡದ ಆ ಬಾಲಕನ ಬಳಿ ಇದ್ದದ್ದು ಹೂವನ್ನು ಗಮನವಿಟ್ಟು ನೋಡುವ ಕಣ್ಣು.

ಭಾರತದಲ್ಲಿ 1256 ಜಾತಿಯ ಆರ್ಕಿಡ್‌ಗಳಿವೆ ಎಂದು ಭಾರತೀಯ ಸಸ್ಯ ಸರ್ವೇಕ್ಷಣ ಇಲಾಖೆ 2019ರಲ್ಲಿ ಪ್ರಕಟಿಸಿತು. ಅವುಗಳಲ್ಲಿ 388 ಜಾತಿಗಳು ಬೇರೆ ಯಾವ ದೇಶದಲ್ಲೂ ಇಲ್ಲ. ನಮ್ಮ ರಾಜ್ಯದಲ್ಲಿ ಇವು ಹೆಚ್ಚಾಗಿರುವುದು ಪಶ್ಚಿಮ ಘಟ್ಟದಲ್ಲಿ. ಮಲೆನಾಡಿನವರು ಸೀತಾಳೆ ದಂಡೆ ಎಂದು ಕರೆಯುವ ಹೂಗೊಂಚಲು ಇದೇ ಕುಟುಂಬದ್ದು. ಒಣ ಬಯಲು ಸೀಮೆಯ ಮಾವಿನಂಥ ಹಳೆಯ ಮರಗಳ ಮೇಲೂ ಬದುಕಬಲ್ಲ ಒಂದು ಜಾತಿ ಇದೆ. ಅದರ ಹೆಸರು ವಾಂಡಾ ಟೆಸೆಲೇಟಾ. ಬಹಳ ಜನ ಇದನ್ನು ಬಂದಳಿಕೆ ಎಂದು ತಿಳಿದು ಕಿತ್ತೆಸೆಯುತ್ತಾರೆ. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ವಾಂಡಾ ಹಾಗಲ್ಲ. ಅದರ ದಪ್ಪ ಬಿಳಿ ಬೇರುಗಳು ಮರವನ್ನು ಹಿಡಿದುಕೊಂಡು ಮಳೆಯ ನೀರನ್ನು ಹೀರುತ್ತವೆ. ಮರದಿಂದ ಅದು ಕೇಳುವುದು ನಿಲ್ಲಲು ಜಾಗ ಮಾತ್ರ.

ಈಗ ಮತ್ತೆ ದಾದಿಯ ಡಬ್ಬಿಗೆ ಬರೋಣ. ನಮ್ಮ ದೇಶದಲ್ಲಿ ಸಾಲಬ್ ಎಂದು ಮಾರುವ ಗೆಡ್ಡೆಗಳು ಹಲವು ಜಾತಿಯ ನೆಲ ಆರ್ಕಿಡ್‌ಗಳವು. ತುರ್ಕಿ ದೇಶದಲ್ಲಿ ಇದರಿಂದ ಚಳಿಗಾಲದ ಬಿಸಿ ಪಾನೀಯ ಮತ್ತು ಐಸ್‌ಕ್ರೀಂ ಮಾಡುತ್ತಾರೆ. ಅಲ್ಲಿ ಒಂದು ಕಿಲೋ ಪುಡಿಗೆ ಸಾವಿರಕ್ಕೂ ಹೆಚ್ಚು ಗೆಡ್ಡೆ ಬೇಕು. ಎಲೆ ಕಿತ್ತರೆ ಗಿಡ ಮತ್ತೆ ಚಿಗುರಬಹುದು. ಗೆಡ್ಡೆ ಅಗೆದರೆ ಗಿಡವೇ ಹೋಯಿತು. ಹಿಮಾಲಯದ ಸಾಲಮ್ ಪಂಜಾ ಎಂಬ ಆರ್ಕಿಡ್ 2022ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದಲ್ಲಿರುವ ಸಸ್ಯವೆಂದು ಸೇರಿತು. ಅದರ ಕಾರಣಗಳಲ್ಲಿ ಇದೇ ಔಷಧಿ ವ್ಯಾಪಾರವೂ ಒಂದು.

ಕಾನೂನು ಇಲ್ಲವೆಂದಲ್ಲ. ಕಾಡು ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ ಭಾರತ 1976ರಲ್ಲಿ ಸೇರಿತು; ಇಡೀ ಆರ್ಕಿಡ್ ಕುಟುಂಬವೇ ಅದರ ಪಟ್ಟಿಯಲ್ಲಿದೆ. ವಿಜ್ಞಾನವೂ ದಾರಿ ತೋರಿಸಿದೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆಯೇ ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಆರ್ಕಿಡ್ ಬೀಜ ಮೊಳೆಯಿಸಿದರು. ಇಂದು ಪ್ರಯೋಗಾಲಯಗಳಲ್ಲಿ ಸಸಿ ಬೆಳೆಸುವುದು ಸಾಧ್ಯವಾಗಿದೆ. ಆದರೆ ಸಸಿಯನ್ನು ನೆಡಲು ಮರ, ಮಣ್ಣು, ಕೀಟ ಉಳಿದಿರಬೇಕಲ್ಲವೆ? ಅವನ್ನು ಸೀಸೆಯಲ್ಲಿ ಬೆಳೆಸಲಾಗದು.

ಹಕೀಮರ ವಿದ್ಯೆಯನ್ನು ಅಲ್ಲಗಳೆಯಲು ನಾನು ಬಂದಿಲ್ಲ. ಗಿಡವೇ ಇಲ್ಲವಾದರೆ ಆ ವಿದ್ಯೆಗೂ ನಷ್ಟ ಎಂಬುದೇ ನನ್ನ ಕಳಕಳಿ. ಅತ್ತಾರರ ಅಂಗಡಿಯಲ್ಲಿ ಸಾಲಬ್ ಕೊಳ್ಳುವಾಗ, ಇದು ಹೊಲದಲ್ಲಿ ಬೆಳೆದದ್ದೋ ಕಾಡಿನಲ್ಲಿ ಅಗೆದದ್ದೋ ಎಂದು ಒಂದು ಮಾತು ಕೇಳಿ. ಕಾಡಿನದಾದರೆ ಬೇಡವೆನ್ನಿ. ಬಾಂಧಾರೆಯ ಬಳಿ, ಹೊಲದ ಬದುವಿನಲ್ಲಿ ನಿಂತ ಹಳೆಯ ಮಾವು, ಬೇವುಗಳನ್ನು ಕಡಿಯುವ ಮುಂಚೆ ಒಮ್ಮೆ ತಲೆಯೆತ್ತಿ ನೋಡಿ. ವಿದ್ಯಾರ್ಥಿಗಳೆ, ಕೊಂಬೆಯ ಮೇಲೆ ಬಿಳಿ ಬೇರಿನ ಗಿಡ ಕಂಡರೆ ಕೀಳಬೇಡಿ. ಮರ, ಜಾಗ, ಹೂ ಬಿಟ್ಟ ತಿಂಗಳು ಬರೆದುಕೊಂಡು ನಿಮ್ಮ ವಿಜ್ಞಾನದ ಗುರುಗಳಿಗೆ ತೋರಿಸಿ.

ದಾದಿ ತೀರಿಕೊಂಡು ಬಹಳ ವರ್ಷಗಳಾದವು. ಡಬ್ಬಿ ಈಗಲೂ ನಮ್ಮ ಮನೆಯಲ್ಲಿದೆ, ಖಾಲಿ ಇದೆ. ಅದನ್ನು ನಾನು ಮತ್ತೆ ತುಂಬಿಸಿಲ್ಲ.