ಲಸಿಕೆ ಹಾಕಿಸೋಣ, ಲೆಕ್ಕವನ್ನೂ ಕೇಳೋಣ

(ಮಸೀದಿಯೊಂದರ ಸಭಾಂಗಣದಲ್ಲಿ ಪೋಷಕರನ್ನುದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ದ್ವಿತೀಯ ಖಲೀಫಾ ಉಮರ್(ರ)ರ ಕಾಲದ ಘಟನೆಯೊಂದು ಫಿಕ್ಹ್ ಗ್ರಂಥಗಳಲ್ಲಿ ಉಲ್ಲೇಖಿತವಾಗಿದೆ. ವಿಚಾರಣೆಗೆಂದು ಅವರು ಓರ್ವ ಮಹಿಳೆಗೆ ಹೇಳಿ ಕಳುಹಿಸಿದರು. ಆಕೆ ಗರ್ಭಿಣಿ. ಖಲೀಫರ ಕರೆ ಎಂದೊಡನೆ ಗಾಬರಿಗೊಂಡ ಆಕೆಗೆ ದಾರಿಯಲ್ಲೇ ಹೆರಿಗೆಯಾಯಿತು. ಮಗು ಎರಡು ಬಾರಿ ಅತ್ತು ಅಸುನೀಗಿತು. ಉಮರ್(ರ) ಸಹಾಬಿಗಳ ಅಭಿಪ್ರಾಯ ಕೇಳಿದರು. ತಾವು ಆಡಳಿತಗಾರರು, ಕರ್ತವ್ಯ ನಿರ್ವಹಿಸಿದ್ದೀರಿ, ತಮ್ಮ ಮೇಲೆ ಹೊಣೆಯಿಲ್ಲ ಎಂದು ಕೆಲವರು ಹೇಳಿದರು. ಅಲೀ(ರ) ಸುಮ್ಮನಿದ್ದರು. ಒತ್ತಾಯಿಸಿ ಕೇಳಿದಾಗ, ಇದು ಇವರ ಅಭಿಪ್ರಾಯವಾಗಿದ್ದರೆ ಅದು ತಪ್ಪು, ತಮ್ಮನ್ನು ಮೆಚ್ಚಿಸಲು ಹೇಳಿದ್ದಾದರೆ ಅದು ಹಿತಚಿಂತನೆಯಲ್ಲ. ಮಗುವಿನ ದಿಯತ್ ತಮ್ಮ ಮೇಲಿದೆ ಎಂದರು. ಖಲೀಫರು ಒಪ್ಪಿ, ಪಾವತಿಗೆ ಏರ್ಪಾಡು ಮಾಡಿಸಿದರು.

ಉಮರ್(ರ) ಇಲ್ಲಿ ಯಾವ ಅಪರಾಧವನ್ನೂ ಎಸಗಿರಲಿಲ್ಲ. ಆದರೂ ಆ ತಾಯಿಯ ನಷ್ಟ ಆಕೆಯ ಹಣೆಬರಹವೆಂದು ಕೈತೊಳೆದುಕೊಳ್ಳಲಿಲ್ಲ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಲಸಿಕೆಯ ವಿಷಯಕ್ಕೆ ಬರೋಣ.

ಮೊದಲು ನಮ್ಮ ಮನೆಯ ಲೆಕ್ಕ. 2002ರಲ್ಲಿ ಭಾರತದಲ್ಲಿ ಸುಮಾರು 1,600 ಮಕ್ಕಳು ಪೋಲಿಯೋ ಪೀಡಿತರಾದರು. ಹೆಚ್ಚಿನವರು ಉತ್ತರ ಪ್ರದೇಶದವರು. ಅವರಲ್ಲಿ ಮುಸ್ಲಿಮ್ ಮಕ್ಕಳ ಪ್ರಮಾಣ ನಮ್ಮ ಜನಸಂಖ್ಯೆಯ ಅನುಪಾತಕ್ಕಿಂತ ಬಹಳ ಹೆಚ್ಚಿತ್ತು. ಹನಿ ಹಾಕಿಸಿದರೆ ಸಂತಾನಶಕ್ತಿ ಹೋಗುತ್ತದೆಂಬ ವದಂತಿಗೆ ನಾವು ಕಿವಿಗೊಟ್ಟೆವು. ಕಾಲು ಕಳೆದುಕೊಂಡವರು ವದಂತಿ ಹಬ್ಬಿಸಿದವರಲ್ಲ, ಎಳೆಯ ಮಕ್ಕಳು. ಅನಂತರ ಉಲಮಾಗಳೇ ಮುಂದೆ ಬಂದು ಮನೆಮನೆಯ ಬಾಗಿಲು ತೆರೆಸಿದರು. 2014ರ ಮಾರ್ಚ್‌ನಲ್ಲಿ ದೇಶಕ್ಕೆ ಪೋಲಿಯೋ ಮುಕ್ತ ಪ್ರಮಾಣಪತ್ರ ದೊರೆಯಿತು. ಇಷ್ಟಾಗಿಯೂ 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ಅದೇ ಹಳೆಯ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ನಾಚಿಕೆಯ ಸಂಗತಿ.

ಆದರೆ ಅವಿಶ್ವಾಸಕ್ಕೆ ಅಜ್ಞಾನವೊಂದೇ ಕಾರಣವೆನ್ನುವುದು ಅರ್ಧಸತ್ಯ. ಬಿನ್ ಲಾದಿನ್‌ನ ಪತ್ತೆಗಾಗಿ ಅಮೇರಿಕದ ಸಿಐಎ, 2011ರಲ್ಲಿ ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ ಲಸಿಕೆ ಅಭಿಯಾನದ ಸೋಗು ಹಾಕಿತು. ಇನ್ನು ಹಾಗೆ ಮಾಡುವುದಿಲ್ಲವೆಂದು ಶ್ವೇತಭವನ ಹೇಳಿದ್ದು 2014ರಲ್ಲಿ. ನಮ್ಮಲ್ಲೇ 2009ರಲ್ಲಿ ಆಂಧ್ರದ ಖಮ್ಮಂನಲ್ಲಿ ಎಚ್‌ಪಿವಿ ಲಸಿಕೆಯ ಯೋಜನೆಯೊಂದು ನಡೆದಾಗ, ಎಷ್ಟೋ ಬಡ ಬಾಲಕಿಯರ ಒಪ್ಪಿಗೆ ಪತ್ರಗಳಿಗೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಅಲ್ಲಿ ಸಂಭವಿಸಿದ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದೇ ತನಿಖೆ ಹೇಳಿತು. ಆದರೆ ಕೇಳದೆಯೇ ಚುಚ್ಚಿದ ಮೇಲೆ ತನಿಖೆಯ ಮಾತನ್ನು ನಂಬುವವರಾರು?

ಇನ್ನು ಕೋವಿಡ್. ಲಸಿಕೆ ಪಡೆದ ಬಳಿಕ 2021ರಲ್ಲಿ ಮೃತಪಟ್ಟ ಇಬ್ಬರು ತರುಣಿಯರ ಹೆತ್ತವರು ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದರು. ಸ್ವತಂತ್ರ ತನಿಖೆ, ಪರಿಹಾರ ಅವರ ಬೇಡಿಕೆ. 2022ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ ನೀಡಿದ ಉತ್ತರವೇನು? ಲಸಿಕೆ ಪಡೆಯುವುದು ಐಚ್ಛಿಕವಾಗಿತ್ತು, ಸರಕಾರ ಹೊಣೆಯಲ್ಲ, ಬೇಕಿದ್ದರೆ ಸಿವಿಲ್ ಕೋರ್ಟಿಗೆ ಹೋಗಬಹುದು. ಐಚ್ಛಿಕ! 2021ರ ಡಿಸೆಂಬರ್‌ನಲ್ಲಿ ನಮ್ಮದೇ ರಾಜ್ಯದಲ್ಲಿ ಎರಡು ಡೋಸ್ ಪಡೆಯದವರಿಗೆ ಮಾಲ್, ಚಿತ್ರಮಂದಿರಗಳ ಪ್ರವೇಶವಿರಲಿಲ್ಲ. ಮಗುವನ್ನು ಶಾಲೆಗೆ ಕಳುಹಿಸಲು ತಂದೆ ತಾಯಿ ಎರಡು ಡೋಸ್ ಪಡೆದಿರಬೇಕಿತ್ತು. ಸಮಾಜದ ಒಳಿತಿಗಾಗಿ ಎಂದು ಕರೆಯುವಾಗ ಸರಕಾರ ಮುಂದೆ, ಮಗಳ ಶವ ಮನೆಗೆ ಬಂದಾಗ ಅದು ನಿಮ್ಮ ಸ್ವಂತ ಆಯ್ಕೆ. ಮಗಳನ್ನು ಕಳಕೊಂಡ ತಂದೆ, ದೊಡ್ಡ ಕಂಪೆನಿಯ ವಿರುದ್ಧ ಯಾವ ವಕೀಲನನ್ನಿಟ್ಟು ಎಷ್ಟು ವರ್ಷ ಸಾಕ್ಷ್ಯ ಹುಡುಕಬೇಕು?

ಯಾವ ಔಷಧವೂ ನೂರಕ್ಕೆ ನೂರು ನಿರಪಾಯಕಾರಿಯಲ್ಲ. ಬಾಯಿಗೆ ಹಾಕುವ ಪೋಲಿಯೋ ಹನಿಯಿಂದಲೇ ಸುಮಾರು 27 ಲಕ್ಷ ಡೋಸುಗಳಿಗೆ ಒಂದರಂತೆ ಪಾರ್ಶ್ವವಾಯು ತಗಲುವುದುಂಟು. ಆ 27 ಲಕ್ಷದ ರಕ್ಷಣೆಗಾಗಿ ಆ ಒಂದು ಮಗು ಬೆಲೆ ತೆತ್ತಿದೆ. ಜರ್ಮನಿ 1961ರಲ್ಲೇ ಇದನ್ನು ಒಪ್ಪಿ ಕಾನೂನು ಮಾಡಿತು. ಬ್ರಿಟನ್ 1979ರಲ್ಲಿ ಮಾಡಿದ ಕಾನೂನಿನಡಿ, ಲಸಿಕೆಯಿಂದ ತೀವ್ರ ಅಂಗವೈಕಲ್ಯಕ್ಕೆ ಒಳಗಾದವರಿಗೆ 1,20,000 ಪೌಂಡ್ ನೀಡುತ್ತದೆ. ಕೋವಿಡ್ ಲಸಿಕೆಯನ್ನೂ ಅದಕ್ಕೆ ಸೇರಿಸಿತು. ಅಮೇರಿಕದಲ್ಲಿ ಮಕ್ಕಳ ಲಸಿಕೆಗಳ ಮೇಲೆ 75 ಸೆಂಟ್‌ಗಳ ತೆರಿಗೆಯಿಂದ ಪರಿಹಾರ ನಿಧಿಯೊಂದು 1988ರಿಂದ ನಡೆದಿದೆ. ಅಲ್ಲಿ ತಪ್ಪು ಯಾರದೆಂದು ಸಾಬೀತುಪಡಿಸುವ ಹೊರೆ ಸಂತ್ರಸ್ತನ ಮೇಲಿಲ್ಲ. ಅಲೀ(ರ)ರ ತೀರ್ಪೂ ಅದೇ ಅಲ್ಲವೇ?

ಆದುದರಿಂದ ತಾಯಂದಿರಲ್ಲಿ ನನ್ನ ವಿನಂತಿ: ಮಕ್ಕಳಿಗೆ ಲಸಿಕೆ ತಪ್ಪಿಸಬೇಡಿ. ತಾಯಿ ಕಾರ್ಡನ್ನು ಜೋಪಾನವಾಗಿಡಿ, ಲಸಿಕೆಯ ಹೆಸರು, ತಾರೀಕು ಬರೆಸಿಕೊಳ್ಳಿ. ತೀವ್ರ ಜ್ವರ, ಸೆಳೆತ, ಪ್ರಜ್ಞೆ ತಪ್ಪುವುದು ಏನೇ ಆದರೂ ಕೂಡಲೇ ಆಸ್ಪತ್ರೆಗೆ ಒಯ್ಯಿರಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಇಂಥ ಪ್ರಕರಣಗಳನ್ನು ಪರಿಶೀಲಿಸುವ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇರಬೇಕೆಂಬ ನಿಯಮವಿದೆ. ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಡುವ ನಮ್ಮ ಜಮಾಅತ್‌ನ ಯುವಕರು ಆ ಸಮಿತಿಗೆ ಬರೆಯುವ ಪತ್ರವನ್ನೂ ಬರೆದುಕೊಡಲಿ, ಉತ್ತರ ಬರುವವರೆಗೆ ಬೆನ್ನು ಹತ್ತಲಿ.