ಗುಡ್ಡ ಕಾಯುವವರು



ಕಾರವಾರ ಪೇಟೆಯಿಂದ ತಲೆಯೆತ್ತಿದರೆ ಕಾಣುವ ಹಸಿರು ಗುಡ್ಡದ ನೆತ್ತಿಯಲ್ಲಿ ಗುಡ್ಡಳ್ಳಿ ಇದೆ. ಬಹುಪಾಲು ಹಾಲಕ್ಕಿ ಒಕ್ಕಲಿಗರ ಊರು. ಲೆಕ್ಕಕ್ಕೆ ನಗರಸಭೆಯ ವ್ಯಾಪ್ತಿಯದ್ದೇ. ಆದರೆ ಅಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಜೋಲಿ ಕಟ್ಟಿ, ಕಲ್ಲು ಮುಳ್ಳಿನ ದಾರಿಯಲ್ಲಿ ಹೆಗಲು ಬದಲಿಸುತ್ತ ಕೆಳಗಿಳಿಸಬೇಕು. ಮಳೆಗಾಲದಲ್ಲಿ ಆ ಜಾರುದಾರಿ ಇಳಿಯುವುದು ಎಂಥ ಕಷ್ಟ ಎಂಬುದು ಹೊತ್ತವರಿಗೇ ಗೊತ್ತು. ರಸ್ತೆ ಕೊಡಿ ಎಂದು ಅವರು ಕೇಳುತ್ತ ವರ್ಷಗಳೇ ಕಳೆದವು.

ಇಷ್ಟು ಕಷ್ಟವಿದ್ದರೆ ಕೆಳಗೆ ಬಂದು ಇರಬಹುದಲ್ಲ ಎನ್ನುವವರಿದ್ದಾರೆ. ಅವರು ಇಟಲಿಯ ಚಿಂಕ್ವೆ ತೆರ್ರೆಯ ಕಥೆ ಕೇಳಬೇಕು. ಮೆಡಿಟರೇನಿಯನ್ ಕಡಲಿಗೆ ಕಡಿದಾಗಿ ಇಳಿಯುವ ಗುಡ್ಡಗಳಲ್ಲಿ ಅಲ್ಲಿನ ರೈತರು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟೆ ಕಟ್ಟಿ ದ್ರಾಕ್ಷಿ ಬೆಳೆದರು. 1997ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಕೀರ್ತಿ ಬಂತು, ಪ್ರವಾಸಿಗರು ಬಂದರು. ಆದರೆ ಎಷ್ಟೋ ತೋಟಗಳನ್ನು ಮಾಡುವವರಿಲ್ಲದೆ ಕಟ್ಟೆಗಳು ಕುಸಿಯುತ್ತಿದ್ದವು. ಉರುಳಿದ ಕಲ್ಲನ್ನು ಮತ್ತೆ ಎತ್ತಿಡುವವರಿದ್ದರೆ ಮಾತ್ರ ಅಂಥ ಕಟ್ಟೆ ಉಳಿಯುತ್ತದೆ. 2011ರ ಅಕ್ಟೋಬರ್ 25ರಂದು ಸುರಿದ ಭಾರಿ ಮಳೆಗೆ ಅಲ್ಲಿನ ವೆರ್ನಾತ್ಸಾ, ಮೊಂತೆರೊಸ್ಸೊ ಹಳ್ಳಿಗಳ ಬೀದಿಗಳು ಕೆಸರಿನಲ್ಲಿ ಹೂತುಹೋದವು. ಮಳೆ ವಿಪರೀತವಾಗಿತ್ತು, ನಿಜ. ಪಾಳುಬಿದ್ದ ತೋಟಗಳೂ ಆ ಅನಾಹುತವನ್ನು ಹೆಚ್ಚಿಸಿದವು.

ಗುಡ್ಡದ ಮೇಲೆ ಬೇಸಾಯ ಮಾಡುವವರು ಗುಡ್ಡವನ್ನೂ ಕಾಯುತ್ತಾರೆ. ಕಾಲುವೆಯ ಕಸ ತೆಗೆಯುವವರು, ಗದ್ದೆಯ ಅಂಚು ಕಟ್ಟುವವರು ಅವರೇ. ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಅವರನ್ನು ಅಲ್ಲಿಂದ ಎಬ್ಬಿಸುವ ಮಾತಾಡುವ ಬದಲು, ಅಲ್ಲೇ ನೆಮ್ಮದಿಯಿಂದ ಬಾಳುವಂತೆ ಮಾಡುವುದು ನಮ್ಮ ಕರ್ತವ್ಯ ಎಂದು ನಾನು ನಂಬಿದ್ದೇನೆ.

ಹಾಗಾದರೆ ರಸ್ತೆ ಬೇಕೇ ಬೇಕು. ಆದರೆ ಹೇಗೆ ಮಾಡುತ್ತೇವೆ? 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ಚಹಾದಂಗಡಿ, ಅಲ್ಲಿದ್ದ ಜನ, ನಿಂತಿದ್ದ ಲಾರಿ, ಎಲ್ಲವನ್ನೂ ಮಣ್ಣು ಗಂಗಾವಳಿ ನದಿಗೆ ತಳ್ಳಿತು. ಆಚೆ ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತು. ರಸ್ತೆಗಾಗಿ ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮಳೆನೀರು ಒಳಗೆ ತುಂಬಿದರೆ ಅದು ಜಾರುತ್ತದೆ.

ಗುಡ್ಡಳ್ಳಿಗೆ ಹೆದ್ದಾರಿಯ ಅಗಲ ಬೇಡ. ಆಂಬುಲೆನ್ಸ್ ಹತ್ತುವಷ್ಟು ದಾರಿ, ಅದರ ಬದಿಗೆ ಗಟ್ಟಿ ಚರಂಡಿ, ಹಳ್ಳ ದಾಟುವಲ್ಲಿ ಮೋರಿ ಸಾಕು. ಎಲ್ಲಿ ಒರತೆ ಏಳುತ್ತದೆ, ಯಾವ ತಿರುವಿನಲ್ಲಿ ಮಣ್ಣು ಸಡಿಲ ಎಂಬುದನ್ನು ದಿನವೂ ಆ ದಾರಿ ಹತ್ತಿಳಿಯುವವರನ್ನೇ ಕೇಳಬೇಕು. ಸರ್ವೆಗೆ ಹೋಗುವ ಎಂಜಿನಿಯರು ಜುಲೈ ತಿಂಗಳ ಮಳೆಯಲ್ಲೇ ಹೋಗಲಿ, ಊರಿನ ಹಿರಿಯರ ಜೊತೆ ನಡೆದೇ ಹೋಗಲಿ.